ಅವ್ವ ಹಾಜರಾದ ಸಭೆ

ಅಪ್ಪ ತೀರಿಕೊಂಡ ಮೇಲೂ ಹತ್ತಿ ಬೆಳೆಗಾರರ ಸೊಸೈಟಿಯ ಸಭೆ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲೇ ಸೇರುತ್ತಿತ್ತು. ಅಪ್ಪನ ಜಾಗಕ್ಕೆ ಅವ್ವನ ಹೆಸರು ಏರಿತ್ತು. ಆದರೆ ಗಂಡ ಸತ್ತ ಹೆಂಗಸು ಗಂಡಸರ ನಡುವೆ ಬಂದು ಕೂರುವುದುಂಟೆ? ಅವಳು ಒಳಗೆ ಕದದ ಮರೆಯಲ್ಲಿರುತ್ತಿದ್ದಳು. ಮೆಂಬರಲ್ಲದ ನಾನು ಅವಳ ಪರವಾಗಿ ಕೈ ಎತ್ತುತ್ತಿದ್ದೆ.

ಅಂದಿನ ಮಾತು ಹೆಣ್ಣುಮಕ್ಕಳ ಶಾಲೆಯದು. ಅದಕ್ಕಿದ್ದ ಜಾಗ ಹೋಗಿತ್ತು. ಸೊಸೈಟಿಯ ಖಾಲಿ ಕೋಣೆ ಸಿಗದಿದ್ದರೆ ಎರಡನೇ ಇಯತ್ತೆಯಲ್ಲಿದ್ದ ನನ್ನ ತಂಗಿಯ ಓದು ಅಲ್ಲಿಗೇ ಮುಗಿಯುತ್ತಿತ್ತು. ಕೋಣೆ ಪಡೆದೇ ತೀರಬೇಕೆಂದು ಹಟ ಹಿಡಿದಿದ್ದೆ.

ಕಾರ್ಯದರ್ಶಿಗೆ ಶಾಲೆ ಬೇಡವಾಗಿತ್ತು. ಇಂಗ್ಲಿಷ್ ನಿಯಮಾವಳಿ ತೆರೆದು, "ಈಗ ಇರೋ ಮೆಂಬರೆಲ್ಲಾರ ಪೈಕಿ ಹೆಚ್ಚು ಮಂದಿ ಒಪ್ಪಬೇಕಂತ ಐತಿ. ಕಿತ್ತೂರಿನವರು, ರಾಮದುರ್ಗದವರು ಬಂದಿಲ್ಲ, ಅಷ್ಟು ಕೈ ಸಿಗಂಗಿಲ್ಲ. ಏಳ್ರಿ ಇನ್ನ," ಎಂದರು.

ನಾನು ಮೆಟ್ರಿಕ್ ನಪಾಸಾದವನು, ಆದರೆ ಇಂಗ್ಲಿಷಿನಲ್ಲಲ್ಲ. ಪುಸ್ತಕ ಕಸಿದುಕೊಂಡೆ. "ಪ್ರೆಸೆಂಟ್ ಅನ್ನೂದು ಮೊದಲ ಬಂದು ಪ್ರೆಸೆಂಟ್ ಮೆಂಬರ್ಸ್ ಅಂತಿದ್ರ ನೀವು ಹೇಳೂದು ಖರೆ, ಈಗ ಇರೋ ಮೆಂಬರು. ಇಲ್ಲಿ ಮೆಂಬರ್ಸ್ ಆದಮ್ಯಾಲ ಐತಿ, ನೋಡ್ರಿ: ಮೆಂಬರ್ಸ್ ಪ್ರೆಸೆಂಟ್. ಅಂದ್ರ ಸಭಾಕ್ಕ ಬಂದು ಕುಂತವರು. ನಮ್ಮ ಕನ್ನಡದಾಗ ವಿಶೇಷಣ ಯಾವಾಗಲೂ ಮೊದಲ ಇರತೈತಿ. ಇಂಗ್ಲಿಷಿನ್ಯಾಗ ಅದು ಜಾಗಾ ಬದಲಿಸಿದ್ರ ಅರ್ಥನೂ ಬದಲಾಗತೈತಿ."

ಸವದತ್ತಿಯಿಂದ ಬಂದಿದ್ದ ವಕೀಲರು ಪುಸ್ತಕ ನೋಡಿ, "ಹುಡುಗ ಹೇಳೂದು ಬರೋಬರಿ ಐತ್ರಿ," ಎಂದರು. ಮೀಸೆ ಇದ್ದಷ್ಟನ್ನು ತಿರುವಿದೆ.

ಕೈ ಎಣಿಸಿದರು. ನಮ್ಮ ಕಡೆ ಒಂದೇ ಒಂದು ಹೆಚ್ಚು. ಅದು ಅವ್ವನ ಪರವಾಗಿ ನಾನೆತ್ತಿದ ಕೈ. ಅದನ್ನು ಬಿಟ್ಟರೆ ಸಮ ಸಮ, ಠರಾವು ಬಿದ್ದಂತೆಯೇ.

ಕಾರ್ಯದರ್ಶಿ ನಕ್ಕರು. "ಬಂದು ಕುಂತವರು ಅಂತ ನೀನ ಅಂದಿ. ನಿಮ್ಮ ಅವ್ವಾರು ಎಲ್ಲಿ ಕುಂತಾರ? ಒಳಗ."

ನಾನೇ ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆ. ತಂಗಿಯ ಓದಿಗಾಗಿ ಇಷ್ಟು ಕೂಗಾಡುವ ನಾನು ಅಪ್ಪ ಹೋದ ಈ ಎರಡು ವರ್ಷದಲ್ಲಿ ಒಮ್ಮೆಯೂ ಅವ್ವನನ್ನು ಹೊರಗೆ ಬಾ ಎಂದು ಕರೆದಿರಲಿಲ್ಲ. ಅವಳ ಕೈ ನನ್ನದೇ ಎಂದುಕೊಂಡಿದ್ದೆ.

ಕದ ಕಿರುಗುಟ್ಟಿತು. ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಹೊಸ್ತಿಲು ದಾಟಿದಳು. ಜಮಖಾನೆಯ ತುದಿಯಲ್ಲಿ ಮುದುಡಿ ಕೂರುತ್ತಾಳೆಂದುಕೊಂಡೆ. ಅವಳು ನೆಟ್ಟಗೆ ನಡೆದು, ಅಪ್ಪ ಕೂರುತ್ತಿದ್ದ ಕಂಬಕ್ಕೆ ಒರಗಿ ಕೂತಳು.

"ಮತ್ತೊಮ್ಮಿ ಎಣಸ್ರಿ," ಎಂದರು ವಕೀಲರು. ರೂಢಿಯಂತೆ ನನ್ನ ಕೈ ಮೇಲೆದ್ದಿತು.

"ನೀ ಕೈ ಇಳಸಪಾ," ಎಂದು ಅವ್ವ ತನ್ನ ಕೈ ಎತ್ತಿದಳು.