ಮಿಲ್ಲಿನಕ್ಕ ಹೇಳಿದ್ದು ಅಷ್ಟೇ ಅಲ್ಲ

ಕಳೆದ ಮಂಗಳವಾರ ಬೆಳಿಗ್ಗೆ ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿ ಕುಳಿತಿದ್ದೆ. ಪಕ್ಕದ ಸೀಟಿಗೆ ಬಂದ ಹೆಂಗಸು ಕಾಲ ಬಳಿ ಒಂದು ಚೀಲ ಇಟ್ಟರು. ಆಗತಾನೇ ಬೀಸಿಸಿಕೊಂಡು ಬಂದ ರಾಗಿಹಿಟ್ಟು, ಚೀಲ ಇನ್ನೂ ಬೆಚ್ಚಗಿತ್ತು. ತುಸು ಸುಟ್ಟಂಥ, ತುಸು ಸಿಹಿಯಾದ ಆ ವಾಸನೆ ಪಾಂಡವಪುರ ಬರುವವರೆಗೂ ಜೊತೆಗಿತ್ತು.

ಪಾಂಡವಪುರದಲ್ಲಿ ನಾನು ತಾಲ್ಲೂಕು ವರದಿಗಾರನಾಗಿದ್ದಾಗ ಬಾಡಿಗೆಗಿದ್ದ ಮನೆಯ ಎದುರು ಒಂದು ಹಿಟ್ಟಿನ ಮಿಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಅದನ್ನು ಒಬ್ಬರೇ ನಡೆಸುತ್ತಿದ್ದವರನ್ನು ಬೀದಿಯೆಲ್ಲ ಮಿಲ್ಲಿನಕ್ಕ ಎಂದೇ ಕರೆಯುತ್ತಿತ್ತು. ರೆಪ್ಪೆಯ ಮೇಲೂ ಹಿಟ್ಟು. ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿ ದೊಡ್ಡದಾಗಿಬಿಟ್ಟಿತ್ತು. ಎಷ್ಟೋ ಸಲ ಮಾತಿನ ನಡುವೆ ಕರೆಂಟು ಹೋಗಿ, ಅವರ ಕೂಗು ಮಾತ್ರ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಆ ಕೂಗು ಸಾಮಾನ್ಯವಾಗಿ ಹಿಂದಿನ ದಿನ ನೋಡಿದ ಸಿನಿಮಾದ ಬಗ್ಗೆ, ಇಲ್ಲವೇ ಧಾರಾವಾಹಿಯ ಬಗ್ಗೆ ಇರುತ್ತಿತ್ತು.

ಮಿಲ್ಲಿಗೆ ರಜೆಯಿದ್ದ ದಿನ ಅವರು ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದರು. ಮಾರನೆಯ ದಿನ ಬೀಸಲು ಏನೂ ಇಲ್ಲದವರೂ ಬಂದು ಮಿಲ್ಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು.

“ಕಬ್ಬಿನ ಗದ್ದೇಲಿ ಉಳ್ಳಾಡ್ಕಂಡು ಒಡದಾಡವ್ನೆ ಕಣವ್ವ, ಮೈಮ್ಯಾಲೆ ಒಂದ್ ಗೀರಿಲ್ಲ! ಆ ಡೈರೆಟ್ರು ಕಬ್ಬಿನ ಗರಿ ಮುಟ್ಟವ್ನಾ?” ಎಂದು ಒಮ್ಮೆ ನಾಯಕನ ಮೇಲೆ ಹರಿಹಾಯ್ದಿದ್ದರು. ಧಾರಾವಾಹಿಯ ಅತ್ತೆಯೊಬ್ಬಳು ಮಲಗುವಾಗಲೂ ರೇಷ್ಮೆ ಸೀರೆ ಉಡುವುದು ಅವರಿಗೆ ಸೇರುತ್ತಿರಲಿಲ್ಲ. “ಆ ಮನೇಲಿ ಮುಸುರೆ ತಿಕ್ಕೋರು ಯಾರ್ಲಾ?”

ಆದರೆ ಬೈಗುಳ ಯಾವಾಗಲೂ ಎರಡನೆಯದು. ಮೊದಲು ಹೊಗಳಿಕೆ. ಊಟಕ್ಕೆ ಕರೆದವರ ಮನೆಯಲ್ಲಿ ಮೊದಲ ತುತ್ತಿಗೇ ಉಪ್ಪಿಲ್ಲ ಅನ್ನುವುದು ಹೇಗೆ ಸರಿಯಲ್ಲವೋ, ಸಿನಿಮಾಕ್ಕೂ ಹಾಗೆಯೇ ಎಂಬುದು ಅವರ ಲೆಕ್ಕ. “ಪಾಪ, ಅವ್ರೂ ಕಷ್ಟ ಬಿದ್ದವ್ರೆ. ಒಳ್ಳೇದು ಮೊದ್ಲು ಏಳ್ಬುಡ್ಬೇಕು” ಎನ್ನುತ್ತಿದ್ದರು. ಅತಿ ಕೆಟ್ಟ ಚಿತ್ರದಲ್ಲೂ ಹುಡುಕಿ ಹುಡುಕಿ ಒಂದು ಹಾಡನ್ನೋ, ಒಂದು ಎತ್ತಿನ ಜೋಡಿಯನ್ನೋ ಮೆಚ್ಚುತ್ತಿದ್ದರು. ಆಮೇಲೆ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದರು. ಆ ನಿಲುವು ಕಂಡರೆ ಮೆಟ್ಟಿಲ ಮೇಲಿದ್ದವರು ನಗಲು ತಯಾರಾಗುತ್ತಿದ್ದರು...

ಆ ಕ್ರಮವನ್ನೇ ಅವರ ವಿರುದ್ಧ ಬಳಸಿಕೊಂಡರು. ಬಳಸಿಕೊಂಡವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಅವರ ತಮ್ಮ ತೀರಿಕೊಂಡಿದ್ದ. ತಮ್ಮನ ಮಗಳನ್ನು ಇವರೇ ಸಾಕಿ, ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ಮಳೆಗಾಲದಲ್ಲಿ ಹುಡುಗಿ ಒಂದು ಬಟ್ಟೆಯ ಗಂಟಿನೊಡನೆ ಈ ಸೋದರತ್ತೆಯ ಮನೆಗೆ ವಾಪಸು ಬಂದಳು. ಕೆನ್ನೆ ಊದಿತ್ತು. ಗಂಡ ಹೊಡೆಯುವುದು ಅದು ಮೊದಲ ಸಲವಲ್ಲ ಎಂದು ಆವತ್ತು ಹೇಳಿದಳು. ಮತ್ತೆ ಕಳಿಸುವುದಿಲ್ಲ ಎಂದು ಮಿಲ್ಲಿನಕ್ಕ ಗಂಡನ ಮನೆಗೆ ಹೇಳಿ ಕಳಿಸಿದರು. ಹಿರಿಯರು ಸೇರಿ ನ್ಯಾಯ ಮಾಡೋಣ ಎಂದು ಅಲ್ಲಿಂದ ಉತ್ತರ ಬಂತು.

ನ್ಯಾಯಕ್ಕೆ ಇನ್ನೂ ದಿನವಿತ್ತು. ಹುಡುಗಿಯ ಮನಸ್ಸು ಹಗುರಾಗಲೆಂದು ಮಿಲ್ಲಿನಕ್ಕ ಅವಳನ್ನೂ ಸಿನಿಮಾಕ್ಕೆ ಕರೆದುಕೊಂಡು ಹೋದರು. ಹೊಸ ಚಿತ್ರ. ಮೊದಲರ್ಧದಲ್ಲಿ ಗಂಡ ಹೆಂಡತಿ ಕೂಡಿ ನಾಟಿ ಹಾಕುವ, ಒಬ್ಬರಿಗೊಬ್ಬರು ಕೆಸರು ಎರಚುವ ದೃಶ್ಯವಿತ್ತು. ಇಂಟರ್‌ವಲ್ ಆದ ಮೇಲೆ ಅದೇ ಗಂಡ ಎಲ್ಲರೆದುರು ಹೆಂಡತಿಗೆ ಹೊಡೆಯುತ್ತಾನೆ, ಅವಳು ಅವನ ಕಾಲು ಹಿಡಿಯುತ್ತಾಳೆ, ಟಾಕೀಸು ಶಿಳ್ಳೆ ಹಾಕುತ್ತದೆ. ಹುಡುಗಿ ಆ ಶಿಳ್ಳೆ ಕೇಳಲಾರದೆ ಎದ್ದು ಹೊರಗೆ ಹೋದಳಂತೆ.

ಚಿತ್ರ ಬಿಟ್ಟಾಗ ಬಾಗಿಲಲ್ಲಿ ಮೈಕು ಹಿಡಿದು ಚಿತ್ರತಂಡದವರು ನಿಂತಿದ್ದರು. “ಅಮ್ಮಾ, ಪಿಕ್ಚರ್ ಹೇಗಿದೆ?” ಅಂದರು. ಮಿಲ್ಲಿನಕ್ಕ ತಮ್ಮ ಕ್ರಮದಂತೆ ಒಳ್ಳೆಯದನ್ನು ಮೊದಲು ಹೇಳಿದರು. “ಆ ನಾಟಿ ಆಕೋದು ನೋಡಕ್ಕೆ ಎಲ್ಡು ಕಣ್ಣು ಸಾಲ್ದು. ಜೋಡಿ ಅಂದ್ರೆ ಅಂಗಿರ್ಬೇಕು.” ಆಮೇಲೆ ಸೆರಗು ಸಿಕ್ಕಿಸಿದರು. “ಆಮ್ಯಾಲೆ ಕೈ ಮಾಡ್ದ ನೋಡು, ಅವ್ನು ಈರೋನಾ? ನಮ್ಮ ಮನೇಲೂ ಒಂದ್ ಎಣ್ಮಗ ಒಡಸ್ಕಂಡ್ ಬಂದದೆ. ಆ ಶಿಳ್ಳೆ ಒಡೆದೋರ್ನೆಲ್ಲ ಸಾಲಾಗಿ ನಿಲ್ಸಿ ಒಂದೊಂದ್ ಬಾರಿಸ್ಬೇಕು.” ಮೈಕಿನವರು ನಗುತ್ತಲೇ ಎಲ್ಲವನ್ನೂ ಚಿತ್ರೀಕರಿಸಿಕೊಂಡರು. ನಾನು ಅಲ್ಲಿರಲಿಲ್ಲ. ಜೊತೆಗಿದ್ದ ಇಬ್ಬರು ಗೆಳತಿಯರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ಇಬ್ಬರೂ ಇದನ್ನೇ ಹೇಳಿದರು.

ಫೋನುಗಳಿಗೆ ಬಂದ ವಿಡಿಯೊ ಬೇರೆಯದೇ ಆಗಿತ್ತು. ಮೊದಲು ನಾಯಕ ಹೊಡೆಯುವ ದೃಶ್ಯ, ಆಮೇಲೆ ಶಿಳ್ಳೆ, ಅದರ ಬೆನ್ನಿಗೇ ಮಿಲ್ಲಿನಕ್ಕನ ನಗುಮುಖ. “ನೋಡಕ್ಕೆ ಎಲ್ಡು ಕಣ್ಣು ಸಾಲ್ದು. ಜೋಡಿ ಅಂದ್ರೆ ಅಂಗಿರ್ಬೇಕು.” ನಾಟಿಯ ಮಾತನ್ನು ತೆಗೆದಿದ್ದರು. ಬೈಗುಳವನ್ನೂ ತೆಗೆದಿದ್ದರು. ಕೆಳಗೆ ಹೃದಯದ ಚಿತ್ರಗಳು.

ಮಿಲ್ಲಿನಕ್ಕ ಅದನ್ನು ನನ್ನ ಫೋನಿನಲ್ಲೇ ನೋಡಿದರು. ಮತ್ತೊಮ್ಮೆ ಹಾಕಿಸಿ ನೋಡಿದರು. ಆಮೇಲೆ, “ಇದು ನನ್ ಬಾಯೇ. ಮಾತು ನಂದಲ್ಲ ಕಣಪ್ಪ” ಎಂದರು.

ನಾನು ಚಿತ್ರತಂಡದ ಪ್ರಚಾರದವರಿಗೆ ಫೋನು ಮಾಡಿ ಪೂರ್ತಿ ಮಾತನ್ನು ಹಾಕಿ, ಇಲ್ಲವೇ ಇದನ್ನು ತೆಗೆಯಿರಿ ಎಂದೆ. ಆ ಕಡೆಯ ಯುವಕ ಬಹಳ ವಿನಯದಿಂದ ಮಾತಾಡಿದ. “ಅಮ್ಮನ ಬೈಟ್ ಸಖತ್ ಓಡ್ತಾ ಇದೆ ಸಾರ್. ಬೇಕಾದ್ರೆ ಕರೆಸಿ ಒಂದು ಶಾಲು ಹೊದಿಸ್ತೀವಿ.” ಪೂರ್ತಿ ಚಿತ್ರೀಕರಿಸಿದ್ದು ಇದೆಯೇ ಎಂದೆ. ಅಳಿಸಿಬಿಟ್ಟಿದ್ದೇವೆ ಎಂದ. ಒಬ್ಬ ಹೆಂಗಸು ಹೇಳಿದ್ದಕ್ಕೆ ನೇರ ವಿರುದ್ಧವಾದದ್ದನ್ನು ಅವಳ ಬಾಯಿಂದಲೇ ಹೇಳಿಸಿದ್ದೀರಿ ಎಂದು ದನಿ ಏರಿಸಿ ಹೇಳಿದೆ. “ಪಾಸಿಟಿವ್ ಆಗೇ ಇದೆಯಲ್ಲ ಸಾರ್” ಎಂದ. ನಾನು ಬರೆದ ವರದಿ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂತು. ಅದನ್ನು ಓದಿದವರು ಕೆಲವರು. ವಿಡಿಯೊ ನೋಡದವರು ಮಾತ್ರ ನಮ್ಮ ಕಡೆ ಯಾರೂ ಉಳಿದಿರಲಿಲ್ಲ.

ನ್ಯಾಯದ ದಿನ ಜೊತೆಗೆ ಬಾ ಎಂದು ಮಿಲ್ಲಿನಕ್ಕ ಕರೆದರು. ಹೋದೆ. ಹುಡುಗಿಯ ಗಂಡನ ಹಳ್ಳಿಯ ದೇವಸ್ಥಾನದ ಜಗಲಿಯ ಮೇಲೆ ಹಿರಿಯರು, ಕೆಳಗೆ ಚಾಪೆಯ ಮೇಲೆ ನಾವು. ಹುಡುಗಿ ಊದಿದ ಕೆನ್ನೆಯ ಮಾತು ಹೇಳಿ ಮುಗಿಸುವ ಮೊದಲೇ ಗಂಡನ ಚಿಕ್ಕಪ್ಪ ಜೇಬಿನಿಂದ ಫೋನು ತೆಗೆದ. ಸದ್ದು ಜೋರು ಮಾಡಿ ಜಗಲಿಯ ಮೇಲಿಟ್ಟ. ಏಟು, ಶಿಳ್ಳೆ, ಆಮೇಲೆ ಮಿಲ್ಲಿನಕ್ಕನ ದನಿ.

ಜಗಲಿ ನಕ್ಕಿತು. ನಡುವೆ ಕುಳಿತಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, “ಏನವ್ವಾ, ಲೋಕಕ್ಕೆಲ್ಲ ಚೆನ್ನಾಗದೆ ಅಂತ ಏಳ್ಬುಟ್ಟು, ನಿನ್ ಮನೆ ಎಣ್ಣಿಗೆ ಮಾತ್ರ ಬ್ಯಾಡ್ವಾ?” ಎಂದರು.

“ಅದ್ರಲ್ಲಿ ಅರ್ಧ ಕುಯ್ದವ್ರೆ ಸ್ವಾಮಿ. ಪೂರ್ತಿ ನಾನೇ ಏಳ್ತೀನಿ, ಕೇಳಿ.”

“ನೀನು ಈಗ ಏಳೋದು ಬ್ಯಾರೆ ಬುಡವ್ವ. ಇಡಿಯೋ ಸುಳ್ಳೇಳ್ತದಾ?”

ನಾನು ವರದಿ ಬಂದಿದ್ದ ಪತ್ರಿಕೆಯನ್ನು ತೆಗೆದು ಕೊಟ್ಟೆ. ಅವರು ಅದನ್ನು ಮಡಚಿ ಪಕ್ಕಕ್ಕಿಟ್ಟು, ಪೇಪರಿನವರು ಏನು ಬೇಕಾದರೂ ಬರೆಯುತ್ತಾರೆ ಎಂದರು. ಮಿಲ್ಲಿನಕ್ಕ ಎದ್ದು ನಿಂತರು. “ಎಣ್ಣಿನ ಮಕದ ಮ್ಯಾಲಿರೋ ಬರೆ ಕಾಣಲ್ಲ, ಪೋನ್ ಒಳಗಿರೋದು ಕಾಣ್ತದೆ. ನೀವು ನ್ಯಾಯ ಏಳೋಕೆ ಬಂದಿದ್ದೀರೋ, ಪಿಚ್ಚರ್ ನೋಡಕ್ಕೆ ಬಂದಿದ್ದೀರೋ?” ಆ ದೊಡ್ಡ ದನಿ ಆವತ್ತು ಒಡೆಯಿತು. ಯಾರೋ ಹಿಂದಿನಿಂದ ವಿಡಿಯೊವನ್ನು ಮತ್ತೆ ಹಾಕಿದರು. ಮತ್ತೆ ನಗು. ಅಲ್ಲಿದ್ದವರಲ್ಲಿ ಓದಿದವರಿದ್ದರು, ಹೆಣ್ಣುಮಕ್ಕಳ ತಂದೆಯರಿದ್ದರು. ಒಬ್ಬನೂ ಆ ಫೋನನ್ನು ಆರಿಸಲಿಲ್ಲ.

ಕೊನೆಗೆ ಎದ್ದವಳು ಹುಡುಗಿ. “ಬುಡು ಅತ್ತೆ, ಸಾಕು. ನಾನೇ ಓಯ್ತೀನಿ” ಎಂದಳು. ಅತ್ತೆಯನ್ನು ಇನ್ನಷ್ಟು ನಗೆಪಾಟಲು ಮಾಡುವುದನ್ನು ಅವಳು ನೋಡಲಾರದಾಗಿದ್ದಳು. ಹಿರಿಯರು ಅದನ್ನು ರಾಜಿ ಎಂದು ಕರೆದು, ಕಾಫಿ ತರಿಸಿದರು.

ವಾಪಸು ಬರುವಾಗ ಮಿಲ್ಲಿನಕ್ಕ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಊರು ಹತ್ತಿರ ಬಂದಾಗ ಒಂದೇ ಮಾತು ಹೇಳಿದರು. “ಇನ್ಮ್ಯಾಕೆ ಬಯ್ಗುಳ ಮೊದ್ಲು.”

ಹಾಗೇ ನಡೆದುಕೊಂಡರು. ಮಿಲ್ಲಿನ ಮೆಟ್ಟಿಲ ಮೇಲೆ ಕುಳಿತವರಿಗೆ ಅದು ಹೊಸದು. ಮಿಲ್ಲಿನಕ್ಕ ಬಾಯಿ ತೆರೆದರೆ ನೇರವಾಗಿ ಬೈಗುಳ. ಹೊಗಳಿಕೆ ಕೊನೆಗೆ, ಇದ್ದರೆ. ಬರಬರುತ್ತ ಆ ಕೊನೆಯವರೆಗೆ ಅವರು ಹೋಗುತ್ತಲೇ ಇರಲಿಲ್ಲ. ಹಾಡು ಚೆನ್ನಾಗಿತ್ತಲ್ಲಕ್ಕ ಎಂದು ಯಾರಾದರೂ ನೆನಪಿಸಿದರೆ, “ಇದ್ರೆ ಇರ್ಲಿ. ನಾನ್ ಏಳಲ್ಲ” ಎನ್ನುತ್ತಿದ್ದರು. ಒಂದು ಎತ್ತಿನ ಜೋಡಿಯನ್ನಾದರೂ ಹುಡುಕಿ ಮೆಚ್ಚುತ್ತಿದ್ದ ಆ ಹೆಂಗಸು ಎಲ್ಲಿ ಹೋದರೋ... ನಗಲು ಬಂದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಮಿಲ್ಲಿನಕ್ಕನೂ ಟಾಕೀಸಿಗೆ ಹೋಗುವುದು ಬಿಟ್ಟರು.

ಯುಗಾದಿ ಕಳೆದ ಮೇಲೆ ಹುಡುಗಿ ಮತ್ತೆ ಬಂದಳು. ಈ ಸಲ ಎಡಗೈ ಮಣಿಕಟ್ಟು ಮುರಿದಿತ್ತು. ಮಿಲ್ಲಿನಕ್ಕ ಯಾವ ಹಿರಿಯರನ್ನೂ ಕೇಳಲಿಲ್ಲ. ಅವಳನ್ನು ಆಸ್ಪತ್ರೆಗೆ, ಅಲ್ಲಿಂದ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. ಮೊಕದ್ದಮೆ ನಾಗಮಂಗಲದ ನ್ಯಾಯಾಲಯಕ್ಕೆ ಬಂತು. ಮೊದಲ ಸಾಕ್ಷಿ ನಾನೇ, ನ್ಯಾಯಾಧೀಶರ ಮುಂದೆ ಪೂರ್ತಿ ಹೇಳುತ್ತೇನೆ, ಅಲ್ಲಿ ಯಾರು ಕುಯ್ಯುತ್ತಾರೋ ನೋಡೋಣ ಎಂದು ಅವರು ಕಾಯುತ್ತಿದ್ದರು. ಸಾಕ್ಷಿಯ ಸರದಿ ಬರುವ ಮೊದಲೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದರು. ಮಂಡ್ಯದ ಆಸ್ಪತ್ರೆ ತಲುಪಲಿಲ್ಲ.

ಮಂಗಳವಾರ ಪಾಂಡವಪುರದಲ್ಲಿ ಇಳಿದವನು ಆ ಬೀದಿಗೆ ಹೋದೆ. ಮಿಲ್ಲನ್ನು ಈಗ ಹುಡುಗಿ ನಡೆಸುತ್ತಾಳೆ. ಎಡಗೈ ಪೂರ್ತಿ ತಿರುಗುವುದಿಲ್ಲ, ಚೀಲವನ್ನು ಬಲಗೈ ಮತ್ತು ಮೊಣಕಾಲಿನಿಂದ ಎತ್ತುತ್ತಾಳೆ. ರಾಗಿ ತಂದಿದ್ದ ಹೆಂಗಸೊಬ್ಬರು ನಿನ್ನೆಯ ಧಾರಾವಾಹಿ ನೋಡಿದೆಯಾ ಎಂದು ಕೇಳಿದರು. “ಇಲ್ಲ ಕಣಕ್ಕ” ಎಂದಳು ಹುಡುಗಿ. ಮೋಟಾರಿನ ಸದ್ದು ಬಿಟ್ಟರೆ ಅಲ್ಲಿ ಬೇರೆ ದನಿಯಿರಲಿಲ್ಲ.

ಮೊಕದ್ದಮೆ ಎಲ್ಲಿಗೆ ಬಂತು ಎಂದು ಕೇಳಿದೆ. ಕಳೆದ ವಾಯಿದೆಯಲ್ಲಿ ಗಂಡನ ಕಡೆಯ ವಕೀಲರು ತಮ್ಮ ದಾಖಲೆಗಳನ್ನು ಕೊಟ್ಟಿದ್ದಾರೆ. ಅದರಲ್ಲಿ ಒಂದು ಪೆನ್‌ಡ್ರೈವ್ ಇದೆ. ಪೆನ್‌ಡ್ರೈವ್‌ನಲ್ಲಿರುವುದು ಮಿಲ್ಲಿನಕ್ಕನ ವಿಡಿಯೊ. ಮುಂದಿನ ವಾಯಿದೆ ಬರುವ ತಿಂಗಳು.