ತೊಗರಿ ಹೂವಿನೊಳಗಿನ ಹಳದಿ

ಅಂಜನ ಹಾಕಿ ಕಳೆದದ್ದನ್ನು ಹುಡುಕುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ವೀಳ್ಯದೆಲೆಗೆ ಕಾಡಿಗೆ ಬಳಿದು ದೀಪದ ಮುಂದೆ ಹಿಡಿದರೆ ಕಳುವಾದ ಎತ್ತು ಕಾಣುವುದಾದರೆ ಪೊಲೀಸರು ಯಾಕೆ ಬೇಕು ಎಂದು ಶಾಲೆಯಲ್ಲಿ ಹುಡುಗರನ್ನು ನಗಿಸುತ್ತಿದ್ದೆ. ಆದರೆ ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವನು. ನಮ್ಮ ಬೀದರ ಸೀಮೆಯಲ್ಲಿ ಅಂಥವರನ್ನು ಪಾಯಾಳು ಎನ್ನುತ್ತಾರೆ. ಅಂಜನದಲ್ಲಿ ಏನಾದರೂ ಕಂಡರೆ ಪಾಯಾಳುವಿನ ಕಣ್ಣಿಗೇ ಕಾಣಬೇಕು ಎಂಬ ನಂಬಿಕೆ. ಹೂತ ಹೊನ್ನು ನೋಡಿಕೊಡಿ ಎಂದು ಬಂದವರನ್ನೆಲ್ಲ ನಾನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದೆ. ಈಗ ಹೇಳುವುದನ್ನು ನೀವು ನಂಬಬೇಕೆಂದು ಹಟವಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಸೀಮೆ ಹೈದರಾಬಾದಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಭಾಲ್ಕಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ದೀಪಾವಳಿಗೆ ಔರಾದ ತಾಲೂಕಿನ ಡಾಬಕಾಕ್ಕೆ, ತಂಗಿ ಶಾಂತಾಳ ಮನೆಗೆ ಹೋದೆ. ಕೈಚೀಲದಲ್ಲಿ ಭಾಲ್ಕಿ ಪೇಟೆಯಲ್ಲಿ ಕೊಂಡ ಸೀರೆ, ಪಟಾಕಿ, ತಂಗಿಯ ಮೂರು ವರ್ಷದ ಮಗಳು ಮುಕ್ತಾಳಿಗೆ ಹಸಿರು ಗಾಜಿನ ಬಳೆ. ಎತ್ತಿನ ಗಾಡಿ ಇಳಿದು ಕೊನೆಯ ಹಾದಿಯನ್ನು ತೊಗರಿ ಹೊಲಗಳ ನಡುವೆ ನಡೆದೆ. ಒಂದು ಬನ್ನಿ ಗಿಡದ ಕೆಳಗೆ ಕೂತು ಬೆವರು ಒರೆಸಿಕೊಂಡು, ಮಧ್ಯಾಹ್ನಕ್ಕೆ ಮನೆ ಮುಟ್ಟಿದೆ. ಮುಕ್ತಾ ಪಕ್ಕದ ಮೆಹರೂನ್ ಬೀಯ ಮನೆಯಲ್ಲಿ ಆಡುತ್ತಿದ್ದಾಳೆ ಎಂದಳು ಶಾಂತಾ. ಚೀಲ ಅವಳ ಕೈಗೆ ಕೊಟ್ಟು, ರೊಟ್ಟಿ ಉಂಡು, ಹೊರಸಿನ ಮೇಲೆ ಅಡ್ಡಾದೆ.

ಎಚ್ಚರಾದದ್ದು ತಂಗಿಯ ಚೀರಾಟಕ್ಕೆ. ಮುಕ್ತಾ ಎಲ್ಲಿಯೂ ಇರಲಿಲ್ಲ. ಮೆಹರೂನ್ ಬೀಯ ಮನೆಗೆ ಬೀಗ. ಅವಳು ತನ್ನ ಮಗಳನ್ನಷ್ಟೇ ಕರೆದುಕೊಂಡು ಹತ್ತಿ ಬಿಡಿಸಲು ದೂರದ ಹೊಲಕ್ಕೆ ಹೋಗಿದ್ದಳು. ಚಾವಡಿ ಕಟ್ಟೆಯ ಮೇಲೆ ಊರ ಗಂಡಸರು ಊಟವಾದಾಗಿನಿಂದ ಕೂತೇ ಇದ್ದರು. ಗಡಿ ಎಲ್ಲಿಗೆ ಬಂತು, ಇನ್ನು ಕಾಗದಪತ್ರ ಉರ್ದುವೋ ಕನ್ನಡವೋ ಎಂಬ ವಾದದಲ್ಲಿ ಅವರಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಹೊಲದ ಹಾದಿ ಅವರ ಕಾಲ ಬುಡದಲ್ಲೇ ಹೋಗುತ್ತದೆ. ಆದರೂ ಮಗುವನ್ನು ಕಂಡೆ ಎನ್ನುವವರು ಒಬ್ಬರೂ ಇಲ್ಲ. ಆ ವರ್ಷ ತೋಳಗಳ ಕಾಟ ಬೇರೆ ಇತ್ತು.

"ಕೆಂಪ ಝಬಲಾ ಹಾಕೀನ್ರಿ, ಕೆಂಪ ಝಬಲಾ ನೋಡ್ರಿ," ಎಂದು ಶಾಂತಾ ಮಗುವಿನ ಅಂಗಿಯ ಗುರುತು ಎಲ್ಲರಿಗೂ ಹೇಳಿದಳು. ಇಡೀ ಊರು ಕೆಂಪನ್ನೇ ಹುಡುಕಿತು. ನಾನು ಹಳ್ಳದ ಕಡೆ ಹೋದೆ, ಬಾವಿಗಳಲ್ಲಿ ಇಣುಕಿದೆ. ಯಾರದೋ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಕಂಡು ಅತ್ತ ಓಡಿ ಹಿಂದಿರುಗಿದೆ. ಬನ್ನಿ ಗಿಡದ ಕಡೆ ಹೋದವರೂ ಬರಿಗೈಯಲ್ಲಿ ಬಂದರು. ಹೊತ್ತು ಇಳಿಯುತ್ತಿತ್ತು.

ಆಗ ಓಣಿಯ ಮುದುಕಿ ಗಂಗಾಬಾಯಿ ಎಲೆ, ಕಾಡಿಗೆ ತಂದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಶಾಂತಾ ನನ್ನ ಎರಡೂ ಕಾಲು ಹಿಡಿದಳು. "ಅಣ್ಣಾ, ನಂಬಬ್ಯಾಡ. ನನ್ನ ಸಲುವಾಗಿ ಒಮ್ಮಿ ನೋಡೋ."

ತಂಗಿ ಕಾಲು ಹಿಡಿದ ಮೇಲೆ ವಿಚಾರವಾದ ಎಲ್ಲಿ ಉಳಿಯುತ್ತದೆ? ಒಳಕೋಣೆಯ ಕತ್ತಲಲ್ಲಿ ಕೂತೆ. ಎಲೆಯಲ್ಲಿ ಕಂಡದ್ದು ಕರಿ ಕಲೆ, ಅದರಲ್ಲಿ ದೀಪದ ಕುಡಿ. ಕೆಂಪು ಕಾಣುತ್ತದೆಯೇ ಎಂದು ಕಣ್ಣು ನೀರಾಡುವವರೆಗೆ ದಿಟ್ಟಿಸಿದೆ.

"ಹುಡುಕಬ್ಯಾಡ್ರಿ ಮಾಸ್ತರ," ಎಂದಳು ಗಂಗಾಬಾಯಿ. "ಸುಮ್ಮ ನೋಡ್ರಿ."

ದಣಿದಿದ್ದೆ. ಹುಡುಕುವುದು ತಾನಾಗಿ ಬಿಟ್ಟುಹೋಯಿತು. ಆಮೇಲೆ ಆ ಕರಿಯೊಳಗೆ ಗಾಡಿಯ ಜಾಡು ಮೂಡಿತು. ಬನ್ನಿ ಗಿಡ ಬಂತು, ಹೂಬಿಟ್ಟ ತೊಗರಿ ಬಂತು. ಆ ಹಳದಿ ಹೂಗಳ ನಡುವೆ ಹೂವಲ್ಲದ ಒಂದು ಹಳದಿ. ಅದರ ಮಗ್ಗುಲಲ್ಲಿ ಪುಟ್ಟ ಕೈ, ಕೈಯಲ್ಲಿ ಹಸಿರು ಬಳೆ. ಎಲೆ ಎಸೆದು ಓಡಿದೆ.

ಬನ್ನಿ ಗಿಡದ ಆಚೆ, ತೊಗರಿ ಸಾಲಿನ ಒಳಗೆ, ಮುಕ್ತಾ ನಿದ್ದೆ ಹೋಗಿದ್ದಳು. ಮೈಮೇಲೆ ಹಳದಿ ಝಬಲಾ. ಅವಳನ್ನು ಎದೆಗವಚಿಕೊಂಡು ನಾನು ಗಟ್ಟಿಯಾಗಿ ಅತ್ತೆ, ನಾಚಿಕೆಯಾಗಲಿಲ್ಲ.

ಹೊಲದಿಂದ ಬಂದ ಮೆಹರೂನ್ ಬೀ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಕೆಸರಾಗ ಬಿದ್ದಿದ್ಳರಿ. ನಮ್ಮ ಬೇಟಿದು ಹಳದಿ ಝಬಲಾ ತೊಡಿಸಿ, ನಿಮ್ಮ ಹೊಸ್ತಿಲದಾಗ ಬಿಟ್ಟು ಹೋದ್ನಿ." ಆ ಎರಡು ಮನೆಗಳಲ್ಲಿ ಯಾರ ಮಗುವಿಗೆ ಯಾರ ಬಟ್ಟೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮುಂದೆ ನಾನೇ ಒಂದು ವಿವರಣೆ ಕಟ್ಟಿಕೊಂಡೆ. ನಾನು ಬನ್ನಿ ಗಿಡದ ಕೆಳಗೆ ಕೂತಾಗಲೇ ಮಗು ಅಲ್ಲಿಗೆ ಬಂದಿರಬೇಕು. ಕಣ್ಣು ಕಂಡಿತು, ಮನಸ್ಸು ಗಮನ ಕೊಡಲಿಲ್ಲ. ಕೆಂಪು ಬೇಕು ಎಂದು ಹಟ ಹಿಡಿದ ಮನಸ್ಸು ಹಳದಿಯನ್ನು ಒಳಗೇ ಅದುಮಿ ಇಟ್ಟಿತ್ತು. ಹಟ ಬಿಟ್ಟೊಡನೆ ಅದು ಮೇಲೆ ಬಂತು. ಕಣ್ಣೆದುರು ಇರುವುದೆಲ್ಲ ನಮಗೆ ಕಾಣುವುದಿಲ್ಲ, ಗಮನ ಹೋದಷ್ಟೇ ಕಾಣುತ್ತದೆ ಎಂದು ಎಷ್ಟೋ ತರಗತಿಗಳಲ್ಲಿ ಈ ಕಥೆ ಹೇಳಿ ಪಾಠ ಮಾಡಿದೆ. ನೆಮ್ಮದಿಯಾಗಿತ್ತು.

ಮೊನ್ನೆ ಬೀದರಿನ ಮೈಲೂರಿನಲ್ಲಿ, ಮುಕ್ತಾಳ ಮನೆಯಲ್ಲಿ, ಅವಳ ಮಕ್ಕಳಿಗೆ ಇದನ್ನೇ ಹೇಳುತ್ತಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ಮುಕ್ತಾಳ ಕೈ ನಿಂತಿತು.

"ಮಾಮಾ, ಒಂದು ಕೇಳ್ಲೇನ್ರಿ? ಎಲಿಯಾಗ ಬಳಿ ಕಂಡ್ವು ಅಂತೀರಿ. ನೀವು ಬನ್ನಿ ಗಿಡದ ಕೆಳಗ ಕೂತಾಗ ಆ ಬಳಿ ನಿಮ್ಮ ಚೀಲದಾಗೇ ಇದ್ವಲ್ರಿ?"

ಗೋಡೆಗೊರಗಿ ಕೂತಿದ್ದ ಶಾಂತಾ ಸಹಜವಾಗಿ ಹೇಳಿದಳು: "ಹೌದಲ್ಲೋ ಅಣ್ಣಾ. ನೀ ಮಕ್ಕೊಂಡಾಗ ನಾನೇ ಮೆಹರೂನ್ ಬೀ ಮನಿಗಿ ಹೋಗಿ ತೊಡಿಸಿದ್ದೆ. ಕೆಂಪ ಝಬಲಾಕ್ಕ ಹಸಿರು ಬಳಿ ಚೆಂದ ಕಂಡಿದ್ವು."

ಅಂದರೆ ನಾನು ಆ ಹಾದಿಯಲ್ಲಿ ಬಂದಾಗ ಹೊಲದಲ್ಲಿ ಮಗುವೇ ಇರಲಿಲ್ಲ. ಇಷ್ಟು ವರ್ಷ ಕಥೆಯಲ್ಲಿ ಆ ಬಳೆಗಳನ್ನು ಹೆಸರಿಸಿ ಹೇಳಿದ್ದೇನೆ, ಅವು ಆಗ ಚೀಲದಲ್ಲೇ ಇದ್ದವೆಂದು ಒಮ್ಮೆಯೂ ಗಮನಿಸಿರಲಿಲ್ಲ. ಬಳೆ ನಾನೇ ತಂದದ್ದು, ಮನಸ್ಸು ಸೇರಿಸಿಕೊಂಡಿತು ಎನ್ನೋಣ. ಆ ಹಳದಿ? ಅದು ಮೆಹರೂನ್ ಬೀ ಒಬ್ಬಳಿಗೇ ಗೊತ್ತಿತ್ತು.

ಮುಕ್ತಾ ಮತ್ತೆ ಅವರೆಕಾಯಿ ಬಿಡಿಸತೊಡಗಿದಳು. ನಾನು ಬಹಳ ಹೊತ್ತು ಅವಳ ಕೈಯನ್ನೇ ನೋಡುತ್ತಾ ಕೂತೆ. ಆ ಸಂಜೆ ಅವಳನ್ನು ಕಂಡದ್ದು ಯಾವ ಕಣ್ಣೋ, ನನ್ನದಂತೂ ಅಲ್ಲ.