ತಿರುಪಿನ ಚಾಳೀಸು

ನಮ್ಮ ಮನೆಯವರಿಗೆ ಚಾಳೀಸು ಬಂದಿಲ್ಲ ಎಂಬುದೇ ಅವರ ದೊಡ್ಡ ಹೆಮ್ಮೆಯಾಗಿತ್ತು. ಐವತ್ತು ದಾಟಿದರೂ ಕನ್ನಡಕವಿಲ್ಲದ ಬರಿಗಣ್ಣು. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನೌಕರಿ. ಜೀಪಿನಲ್ಲಿ ಕೂತೇ ಕಾಲುವೆಯ ಗೋಡೆಗೆ ಬರೆದ ನೀರಿನ ಮಟ್ಟ ಓದಿಬಿಡುತ್ತಾರಂತೆ. ಬಾಗೇವಾಡಿಯ ನಮ್ಮ ಮನೆಗೆ ಬಂದ ಯಾವ ಬೀಗರೂ ಈ ಮಾತು ಕೇಳದೆ ಚಹಾ ಕುಡಿದು ಹೋಗಿಲ್ಲ. ದೂರದ್ದು ಕಾಣುತ್ತದೆ, ಒಪ್ಪಿದೆ. ಪೇಪರನ್ನು ಮಾತ್ರ ತೋಳು ಚಾಚಿ, ಕುತ್ತಿಗೆ ಹಿಂದಕ್ಕೆಳೆದು, ದಪ್ಪ ಅಕ್ಷರಗಳನ್ನಷ್ಟೇ ಓದಿ ಮಡಚಿಡುತ್ತಿದ್ದರು. ಒಳಗಿನ ಸುದ್ದಿಯಲ್ಲಿ ಹುರುಳಿಲ್ಲವಂತೆ.

ನನಗೆ ಸಕ್ಕರೆ ಕಾಯಿಲೆ ಬಂದು ದಿನಾ ಇನ್ಸುಲಿನ್ ಶುರುವಾದಾಗ ಸಿರಿಂಜು ಈ ಮಹಾನುಭಾವರ ಕೈಗೆ ಹೋಯಿತು. ಅದರ ಮೇಲಿನ ಸಣ್ಣ ಗೆರೆಗಳು ನನ್ನ ಕಣ್ಣಿಗೆ ಬರೀ ಮಸಿ. ವಿಜಾಪುರದಲ್ಲಿ ಮಾಡಿಸಿದ ಚಾಳೀಸು ವರ್ಷ ತುಂಬುವುದರೊಳಗೆ ಕೆಲಸಕ್ಕೆ ಬಾರದಾಗಿತ್ತು. ವಯಸ್ಸಿನ ಜೊತೆ, ಸಕ್ಕರೆ ಏರಿಳಿದಂತೆ, ನೋಟವೂ ಬದಲಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

“ಇಡೀ ಕಾಲುವಿ ನೀರ ಅಳೀತೇನಿ, ಇಷ್ಟ ಹನಿ ಔಷಧ ಏನ ದೊಡ್ಡದು?” ಅಂದರು ಇವರು.

ಆಮೇಲೆ ರೊಟ್ಟಿ ಬಡಿಯುತ್ತಿರುವಾಗಲೇ ಮೈ ಬೆವರಿ, ಕೈ ನಡುಗಿ ಕುಸಿಯತೊಡಗಿದೆ. ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಜೀವ ಬರುತ್ತಿತ್ತು. ಔಷಧ ಹೆಚ್ಚಾದರೆ ಸಕ್ಕರೆ ಹೀಗೆ ಇಳಿಯುತ್ತದೆ, ಅಳತೆ ಸರಿಯಾಗಿ ಹಾಕುತ್ತೀರಾ ಎಂದು ಡಾಕ್ಟರು ಕೇಳಿದರೆ ಇವರಿಗೆ ಸಿಟ್ಟು.

“ಸೋಮವಾರ ಉಪವಾಸ ಮಾಡ್ತಾಳ್ರಿ, ಹೇಳಿದ್ದ ಕೇಳಂಗಿಲ್ಲ,” ಎಂದು ನನ್ನ ತಲೆಗೇ ಕಟ್ಟಿದರು.

ಉಪವಾಸ ಬಿಟ್ಟು ನೋಡಿದೆ. ಆದರೂ ಬಿದ್ದೆ. ಹೀಗೆ ಬಿದ್ದವಳು ಒಂದು ದಿನ ಏಳುವುದೇ ಇಲ್ಲ ಎಂಬ ಹೆದರಿಕೆ ಹತ್ತಿತು.

ಇಂಡಿಯಲ್ಲಿ ಲಿಂಬೆ ವ್ಯಾಪಾರ ಮಾಡುವ ನನ್ನ ತಮ್ಮ ಪುಣೆಯಿಂದ ಒಂದು ವಿಚಿತ್ರ ಚಾಳೀಸು ತಂದುಕೊಟ್ಟ. ಎರಡೂ ಬದಿಗೆ ತಿರುಪು. ತಿರುವಿದರೆ ನಂಬರು ಬದಲಾಗುತ್ತದೆ. ನೋಡಲು ದರಿದ್ರವಾಗಿತ್ತು, ಸುಳ್ಳೇಕೆ ಹೇಳಲಿ.

“ಕಣ್ಣಿಗಿ ನಳ ಜೋಡಿಸಿದಂಗ ಐತಿ,” ಎಂದು ನಮ್ಮವರು ನಕ್ಕರು.

“ಮಾಮಾ, ನೀವೂ ಒಮ್ಮಿ ಹಾಕ್ಕೊಂಡ ನೋಡ್ರಿ,” ಎಂದ ತಮ್ಮ.

“ಅದು ಮುದುಕರಿಗೆ. ನನಗ್ಯಾಕ?”

ಮರುದಿನ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಬಲಗಡೆಯ ತಿರುಪು ತಿರುವಿದೆ, ಇನ್ನೊಂದು ಮುಚ್ಚಿ ಎಡಗಡೆಯದು. ಮಂಜು ಸರಿದಂತೆ ಅಂಗೈಯ ರೇಖೆಗಳೆಲ್ಲ ಕಂಡವು. ಅಷ್ಟರಲ್ಲಿ ಇವರು ಔಷಧ ಎಳೆದ ಸಿರಿಂಜು ಹಿಡಿದು ಬಂದರು. ನೋಡಿದೆ. ಡಾಕ್ಟರು ಹೇಳಿದ ಗೆರೆಯನ್ನು ದಾಟಿ ಔಷಧ ಬಹಳ ಮುಂದೆ ಹೋಗಿತ್ತು.

“ಎಷ್ಟ ಐತಿ, ಓದ್ರಿ.”

“ಬರೋಬ್ಬರಿ ಐತಿ.”

“ಗೆರಿ ನೋಡಿ ಓದ್ರಿ.”

ತೋಳು ಚಾಚಿದರು. ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣು ಕಿರಿದು ಮಾಡಿದರು. ಕಡೆಗೆ ನನ್ನ ಮೇಲೆಯೇ ರೇಗಿದರು.

“ಆ ಗೆರಿ ಯಾರಿಗೆ ಕಾಣತಾವ? ಅಂದಾಜಲೇ ಹಾಕ್ತೇನಿ. ಇಷ್ಟ ದಿನಾ ಏನಾಗೇತಿ ನಿನಗ? ಜೀವಂತ ಅದೀ ಇಲ್ಲೊ?”

ಇಂಥ ಜಂಬದ ಕೈಯಲ್ಲಿ ನನ್ನ ಜೀವ ಇತ್ತಲ್ಲ ಎಂದು ಹೇಸಿಗೆಯಾಯಿತು. ಸಿರಿಂಜು ಕಸಿದುಕೊಂಡೆ. ಹೆಚ್ಚಾದ ಔಷಧವನ್ನು ಅವರೆದುರೇ ನೆಲಕ್ಕೆ ಹನಿಸಿ, ಉಳಿದದ್ದನ್ನು ಹೊಟ್ಟೆಗೆ ನಾನೇ ಚುಚ್ಚಿಕೊಂಡೆ. ಗಂಡನೆಂದು ಅವರ ಮುಂದೆ ತೋಳು ಒಡ್ಡುವುದು ಅವತ್ತಿಗೆ ಮುಗಿಯಿತು.